ಜ್ವರ ಬಿಟ್ಟರೂ ಬಿಡದ ರಾತ್ರಿ ಕೆಮ್ಮು

ಮಾನ್ಯರೇ,

ಮೂಡಿಗೆರೆ ಕಡೆ ಈಗ ಎಲ್ಲಿ ನೋಡಿದರೂ ರಾತ್ರಿ ಕೆಮ್ಮು. ವೈರಲ್ ಜ್ವರ ಬೇಗ ಬಿಡುತ್ತದೆ, ಆದರೆ ಗಂಟಲು, ಶ್ವಾಸನಾಳ ಕೆರಳಿಯೇ ಇರುವುದರಿಂದ ಕೆಮ್ಮು 3ರಿಂದ 8 ವಾರ ಉಳಿಯಬಹುದು, ಮಲಗಿದಾಗ ಮೂಗಿನ ಸಿಂಬಳ ಗಂಟಲಿಗಿಳಿದು ಇನ್ನೂ ಜಾಸ್ತಿಯಾಗುತ್ತದೆ. ದಯವಿಟ್ಟು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಆ್ಯಂಟಿಬಯೋಟಿಕ್ ಕೇಳಬೇಡಿ. ವೈರಸ್ ಮೇಲೆ ಅದು ಕೆಲಸವೇ ಮಾಡುವುದಿಲ್ಲ.

ತಲೆ ಸ್ವಲ್ಪ ಎತ್ತರವಿಟ್ಟು ಮಲಗಿ. ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಒಳ್ಳೆಯದು (1 ವರ್ಷದೊಳಗಿನ ಮಗುವಿಗೆ ಮಾತ್ರ ಬೇಡವೇ ಬೇಡ). ಒಲೆ ಹೊಗೆ, ಬೀಡಿ ಹೊಗೆ ಎರಡೂ ದೂರವಿರಲಿ.

ವೈರಲ್ ಕೆಮ್ಮೇ ಇರಬಹುದು, ಆದರೂ 2 ವಾರ ದಾಟಿದರೆ ಕ್ಷಯ ಇದೆಯೋ ಇಲ್ಲವೋ ನೋಡಿಸಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕಫದಲ್ಲಿ ರಕ್ತ ಬಂದರೆ, ಉಸಿರಾಡಲು ಕಷ್ಟವಾದರೆ ಅಷ್ಟೂ ದಿನ ಕಾಯಬೇಡಿ. ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರಿಗೆ ಇದನ್ನೆಲ್ಲ ಹೇಳುವವರೇ ಕಡಿಮೆ ಅಲ್ವಾ? ಆರೋಗ್ಯ ಇಲಾಖೆಯವರು ಅಲ್ಲಿಗೇ ಹೋಗಿ ತಿಳಿಸಲಿ.

– ಓದುಗ, ಮೂಡಿಗೆರೆ