ಗುರಿಗೆ ಗಳಿಗೆಯನ್ನೂ ಗೊತ್ತುಮಾಡಿಸಿ

ಮಾನ್ಯ ಸಂಪಾದಕರೇ,

ತಮ್ಮ ಗುರಿ ಸಾಧಿಸಲು ಕೋಚಿಂಗ್ (ವೈಯಕ್ತಿಕ ಮಾರ್ಗದರ್ಶನ) ಬಯಸಿ ಬರುವವರಲ್ಲಿ ಉತ್ಸಾಹ ತುಂಬಿದರೆ ತಮ್ಮ ಕೆಲಸ ಮುಗಿಯಿತೆಂದು ಅನೇಕ ತರಬೇತುದಾರರು ಭಾವಿಸಿರುವುದು ವಿಷಾದಕರ. ‘ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಅದನ್ನು ನೆರವೇರಿಸುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ 1999ರಷ್ಟು ಹಿಂದೆಯೇ ವಿವರಿಸಿದ್ದಾರೆ. ನನ್ನ ಬಳಿ ಬಂದಿದ್ದ ಗೃಹಿಣಿಯೊಬ್ಬರು ‘ಹೊಲಿಗೆ ಅಂಗಡಿ ತೆರೆಯಬೇಕು’ ಎಂದು ಎರಡು ವರ್ಷ ಡೈರಿಯಲ್ಲಿ ಬರೆಯುತ್ತಲೇ ಇದ್ದರು. ಆ ಸಾಲನ್ನು ‘ಮಗ ಶಾಲೆಯ ಬಸ್ಸು ಹತ್ತಿದ ಕೂಡಲೇ ಒಂದು ರವಿಕೆ ಕತ್ತರಿಸುತ್ತೇನೆ’ ಎಂದು ಅವರ ಕೈಯಿಂದಲೇ ತಿದ್ದಿಸಿದ ಮೇಲೆ ಕೆಲಸ ಕದಲಿತು. ಇಂಥ ವಾಕ್ಯ ನಮ್ಮ ಬಳಿ ಬಂದವರ ಬಾಯಿಂದಲೇ ಬರುವವರೆಗೆ ನಾವು ತಾಳ್ಮೆಯಿಂದ ಕಾಯಬೇಕು. ಅಡ್ಡಿ ಬಂದಾಗ ಏನು ಮಾಡುವುದೆಂಬುದನ್ನೂ ಡೈರಿಯ ಅದೇ ಪುಟದಲ್ಲಿ ಬರೆಸಿ, ಮುಂದಿನ ಭೇಟಿಯನ್ನು ಆ ಪುಟದಿಂದಲೇ ಆರಂಭಿಸಬೇಕೆಂದು ಸಹೋದ್ಯೋಗಿಗಳಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ.

– ವೃತ್ತಿ ಮಾರ್ಗದರ್ಶಕಿ, ಧಾರವಾಡ