ಜಯಗಾಂವ್ ದಾಟಿ ಬಂದ ಅಡಿಕೆಯ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ವಿದೇಶಾಂಗ ನೀತಿ ದೆಹಲಿಯವರ ಕೆಲಸ, ತೋಟದವರಿಗೆ ಅದರ ಗೊಡವೆ ಯಾಕೆ ಎಂದುಕೊಂಡೇ ಬಹಳ ವರ್ಷ ಕಳೆದವನು ನಾನು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಆ ಭ್ರಮೆ ಹರಿಯಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ ಎಂಬ ದರದ) ಕಟ್ಟುಪಾಡಿಲ್ಲದೆ ಪಶ್ಚಿಮ ಬಂಗಾಳದ ಗಡಿ ಊರು ಜಯಗಾಂವ್ ಮೂಲಕ ತರಬಹುದು ಎಂದು ಕೇಂದ್ರ ಆದೇಶ ಹೊರಡಿಸಿತು. ಸ್ನೇಹದ ತಾಂಬೂಲದಲ್ಲಿ ಅಡಿಕೆ ಭೂತಾನದ್ದು, ಸುಣ್ಣ ಮಾತ್ರ ನಮಗೆ ಎಂದು ಶಿರಸಿಯ ಸೊಸೈಟಿ ಅಂಗಳದಲ್ಲಿ ಮಾತಾಯಿತು.

ಆ ಆದೇಶದ ವಿರುದ್ಧ ಮನವಿ ಹಿಡಿದು ಹೋದವರಲ್ಲಿ ನಾನೂ ಒಬ್ಬ. ಈಗ ಒಪ್ಪಿಕೊಳ್ಳುತ್ತೇನೆ, ಅಂದು ನಮ್ಮ ಗುಂಪಿನಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಸಿಗುವುದು ಹದಿಮೂರೋ ಹದಿನಾಲ್ಕೋ ಕಿಲೋ ಕೆಂಪಡಿಕೆ. ಹಾಗೆ ನೋಡಿದರೆ 17,000 ಟನ್ ಒಣಗಿದ ಮೇಲೆ ಎರಡು ಸಾವಿರ ಚಿಲ್ಲರೆ ಟನ್. ದೇಶದಲ್ಲಿ ಬೆಳೆಯುವುದು ಹತ್ತು ಲಕ್ಷ ಟನ್ನಿಗೂ ಮೇಲೆ. ಇಷ್ಟಕ್ಕೇ ಕೆಂಪಡಿಕೆಯ ‘ರಾಶಿ’ ಬಗೆಯ ದರ ನೆಲ ಕಚ್ಚುವುದಿಲ್ಲ. ಆದೇಶ ಹೊರಡಿಸಿದವರೇ ಈ ಲೆಕ್ಕವನ್ನು ಮೊದಲ ದಿನ ಕನ್ನಡದಲ್ಲಿ ಮುಂದಿಟ್ಟಿದ್ದರೆ ಅರ್ಧ ಗಲಾಟೆ ಆಗುತ್ತಿರಲಿಲ್ಲ.

ಉಳಿದರ್ಧ ಆಗಬೇಕಾದದ್ದೇ. ನಮ್ಮ ಅಂಜಿಕೆ ಭೂತಾನದ ಮರಗಳ ಮೇಲಲ್ಲ, ಆ ಹೆಸರಿನಲ್ಲಿ ಬೇರೆ ಕಡೆಯ ಮಾಲು ನುಸುಳುತ್ತದೆ ಎಂಬುದು. ಕಾಳುಮೆಣಸಿನಲ್ಲಿ ಕೈ ಸುಟ್ಟುಕೊಂಡವರು ನಾವು. 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಯಲ್ಲಿ ವಿಯೆಟ್ನಾಂ ಮೆಣಸು ಬರುತ್ತಿದೆ ಎಂದು ಬೆಳೆಗಾರರು ಕೂಗಿ ಕೂಗಿ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಅಡಿಕೆಯ ಆ ಬೆಲೆಯನ್ನು 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು 2023ರ ಫೆಬ್ರುವರಿಯಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೊದಲೇ ತಿಳಿಯಲು ದಾರಿ ಇಲ್ಲದೆ ಏನಿಲ್ಲ. ಯಾವ ದೇಶ ಎಷ್ಟು ಬೆಳೆಯುತ್ತದೆ, ಎಷ್ಟು ತರಿಸಿ ಎಷ್ಟು ಕಳಿಸುತ್ತದೆ ಎಂಬ ಅಂಕಿಅಂಶ ವಿಶ್ವಸಂಸ್ಥೆಯ ಜಾಲತಾಣಗಳಲ್ಲಿ ಯಾರಿಗೂ ಸಿಗುತ್ತದೆ. ಬೆಳೆದದ್ದಕ್ಕಿಂತ ಕಳಿಸಿದ್ದು ಹೆಚ್ಚಾಯಿತೋ, ಎಲ್ಲೋ ಎಡವಟ್ಟಿದೆ ಎಂದೇ ಅರ್ಥ. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಹುಡುಗ ಸಾಕು! ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಒಂದು ಊರಿನ ಅಡಿಕೆಯನ್ನು ಅದರ ಗುಣದಿಂದ ಬೇರೆ ಎಂದು ತೋರಿಸಲು ಬರುವುದಾದರೆ, ಗಡಿಯಲ್ಲಿ ಮಾಲಿನ ಮೂಲ ಪರೀಕ್ಷಿಸುವ ಪ್ರಯೋಗಾಲಯ ಕಟ್ಟುವುದು ಅಸಾಧ್ಯವೇ? ಮೂಲ ದೇಶದ ಪ್ರಮಾಣಪತ್ರವೊಂದೇ ಸಾಲದು, ಆಮದುದಾರನ ಬಳಿ ಪುರಾವೆಯೂ ಇರಬೇಕು ಎಂಬ ಕಸ್ಟಮ್ಸ್ ನಿಯಮ 2020ರ ಸೆಪ್ಟೆಂಬರ್‌ನಿಂದ ಇದೆ. ಒಳ್ಳೆಯದೇ. ಆದರೆ ಅದು ಮಾಲು ಬಂದ ಮೇಲಿನ ಮಾತು. ನನ್ನ ತಕರಾರು ಒಪ್ಪಂದದ ಸಹಿಗೆ ಮುಂಚಿನದು.

ಅಮೆರಿಕದಲ್ಲಿ ವ್ಯಾಪಾರ ಒಪ್ಪಂದದ ಪರಿಣಾಮ ಏನಾದೀತು ಎಂದು ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಅಂದಾಜು ವರದಿ ಕೊಡುತ್ತದೆ. ನಮ್ಮಲ್ಲಿ ಸಹಿಗೆ ಸಂಸತ್ತಿನ ಒಪ್ಪಿಗೆಯೇ ಕಡ್ಡಾಯವಲ್ಲ. ಕೃಷಿ ರಾಜ್ಯಪಟ್ಟಿಯಲ್ಲಿದೆ, ಆದರೂ ರಾಜ್ಯವನ್ನು ಕೇಳಲೇಬೇಕೆಂದಿಲ್ಲ. ವಿದೇಶಾಂಗ ಸಚಿವಾಲಯದಲ್ಲಿ ರಾಜ್ಯಗಳಿಗೆಂದೇ 2014ರಲ್ಲಿ ತೆರೆದ ವಿಭಾಗವಿದೆಯಲ್ಲ, ಅದು ಬೆಳೆ, ದರ, ಹಿಡುವಳಿಯ ವಿವರವನ್ನು ಜಿಲ್ಲೆಗಳಿಂದ ತರಿಸಿಕೊಂಡು ಮಾತುಕತೆಗೆ ಕೂರುವವರ ಕೈಗೆ ಕೊಡಲಿ. ಗುಟ್ಟು ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ, ಕೊನೆಯ ದರವನ್ನು ಮೊದಲೇ ಹೇಳುವ ವ್ಯಾಪಾರಿ ನಮ್ಮ ಮಾರುಕಟ್ಟೆಯಲ್ಲೂ ಇಲ್ಲ. ಭೂತಾನದ ಉತ್ತರಕ್ಕೆ ಚೀನಾ ಇದೆ, ಆ ಸ್ನೇಹಕ್ಕೆ ಬೆಲೆ ತೆರಬೇಕು ಎಂಬುದೂ ನಮಗೆ ಅರ್ಥವಾಗುತ್ತದೆ. ಬೆಲೆ ಎಷ್ಟು, ತೆರುವವರು ಯಾರು ಎಂದು ಬರೆದಿಡಿ, ವರ್ಷಕ್ಕೊಮ್ಮೆ ತೆರೆದು ತೋರಿಸಿ.

ಸದ್ಯಕ್ಕೆ ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು. 2022ರಿಂದ ಜಯಗಾಂವ್ ಮೂಲಕ ಪ್ರತಿ ವರ್ಷ ಎಷ್ಟು ಟನ್ ಅಡಿಕೆ ಬಂದಿದೆ? 2020ರ ನಿಯಮದಡಿ ಮೂಲ ಸಾಬೀತಾಗದೆ ತಡೆದ ಅಡಿಕೆ, ಮೆಣಸು ಎಷ್ಟು?

ಇತಿ ತಮ್ಮ ಓದುಗ,
ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು