ತೀರ್ಪು ಬರುವ ಮೊದಲೇ ಭಾಷಣ ಏಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರೊಬ್ಬರು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ವಾಗ್ದಂಡನೆ (ಇಂಪೀಚ್‌ಮೆಂಟ್) ವಿಚಾರಣೆ ಎದುರಿಸುತ್ತಿರುವಾಗಲೇ ಕಾಂಗ್ರೆಸ್‌ನ, ಅಂದರೆ ಅಲ್ಲಿನ ಸಂಸತ್ತಿನ, ಜಂಟಿ ಅಧಿವೇಶನದಲ್ಲಿ ದೇಶದ ಸ್ಥಿತಿಗತಿ ಕುರಿತ ‘ಸ್ಟೇಟ್ ಆಫ್ ದಿ ಯೂನಿಯನ್’ ಭಾಷಣ ಮಾಡಿದ್ದು ಎರಡು ಸಲ. 1999ರ ಜನವರಿ 19ರಂದು ಹಗಲು ಬಿಲ್ ಕ್ಲಿಂಟನ್ ಪರ ವಕೀಲರು ಸೆನೆಟ್‌ನಲ್ಲಿ ವಾದ ಆರಂಭಿಸಿದರು. ಅದೇ ರಾತ್ರಿ ಕ್ಲಿಂಟನ್ ಭಾಷಣಕ್ಕೆ ನಿಂತರು. 2020ರ ಫೆಬ್ರುವರಿ 3ರಂದು ಡೊನಾಲ್ಡ್ ಟ್ರಂಪ್ ವಿಚಾರಣೆಯ ಅಂತಿಮ ವಾದ ಮುಗಿಯಿತು, 4ರ ರಾತ್ರಿ ಅವರ ಭಾಷಣ ನಡೆಯಿತು, 5ರಂದು ಸೆನೆಟ್ ಅವರನ್ನು ಖುಲಾಸೆಗೊಳಿಸಿತು.

ಇಬ್ಬರೂ ತಮ್ಮ ಮೇಲಿನ ಆರೋಪಗಳ ಪ್ರಸ್ತಾಪವನ್ನೇ ಮಾಡಲಿಲ್ಲ ಎಂಬ ಸಮರ್ಥನೆಯುಂಟು. ಅದು ನಿಜ, ಆದರೆ ನನ್ನ ಆಕ್ಷೇಪ ಅವರು ಆಡಿದ ಮಾತಿನ ಬಗ್ಗೆ ಅಲ್ಲ. ನಿಷ್ಪಕ್ಷಪಾತವಾಗಿ ನ್ಯಾಯ ನೀಡುತ್ತೇವೆಂದು ಪ್ರಮಾಣ ಮಾಡಿದ ನೂರು ಸೆನೆಟರುಗಳನ್ನು, ತೀರ್ಪು ಇನ್ನೂ ಬಾಕಿಯಿರುವಾಗ, ಆರೋಪಿಯ ಎದುರು ಸಭಿಕರಾಗಿ ಕೂರಿಸಿ, ವಾಕ್ಯ ವಾಕ್ಯಕ್ಕೂ ಎದ್ದು ಚಪ್ಪಾಳೆ ತಟ್ಟಬೇಕೇ ಬೇಡವೇ ಎಂದು ಇಡೀ ದೇಶದ ಕಣ್ಣೆದುರಿಗೆ ನಿರ್ಧರಿಸುವಂತೆ ಮಾಡುವುದು ಆ ಪ್ರಮಾಣಕ್ಕೆ ಒಪ್ಪುವ ಸಂಗತಿಯಲ್ಲ. ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರೂ 2020ರ ಆ ರಾತ್ರಿ ಮುಂದಿನ ಸಾಲಿನಲ್ಲಿದ್ದರು. ಯಾವ ನ್ಯಾಯಾಲಯದಲ್ಲೂ ಇಂಥದ್ದನ್ನು ನಾವು ಸಹಿಸುವುದಿಲ್ಲ. ವಾಗ್ದಂಡನೆ ರಾಜಕೀಯ ಪ್ರಕ್ರಿಯೆಯೇ ಹೊರತು ಶುದ್ಧ ನ್ಯಾಯಾಂಗ ಪ್ರಕ್ರಿಯೆಯಲ್ಲ ಎನ್ನುವವರು, ಹಾಗಿದ್ದರೆ ಪ್ರತ್ಯೇಕ ಪ್ರಮಾಣವಚನ ಏತಕ್ಕೆ ಎಂಬುದನ್ನು ವಿವರಿಸಬೇಕು.

ದಿನಾಂಕ ಬದಲಿಸಲು ಅಡ್ಡಿಯೇನೂ ಇರಲಿಲ್ಲ. ಅಧ್ಯಕ್ಷರು ‘ಕಾಲಕಾಲಕ್ಕೆ’ ದೇಶದ ಸ್ಥಿತಿಗತಿಯನ್ನು ಕಾಂಗ್ರೆಸ್‌ಗೆ ತಿಳಿಸಬೇಕೆಂದಷ್ಟೇ ಸಂವಿಧಾನದ ಎರಡನೆಯ ವಿಧಿ ಹೇಳುತ್ತದೆ. ತಿಂಗಳನ್ನಾಗಲಿ, ವೇದಿಕೆಯನ್ನಾಗಲಿ ಗೊತ್ತುಪಡಿಸುವುದಿಲ್ಲ. 1801ರಲ್ಲಿ ಥಾಮಸ್ ಜೆಫರ್ಸನ್ ಬರಹದಲ್ಲಿ ಸಂದೇಶ ಕಳಿಸಿದರು, 1913ರಲ್ಲಿ ವುಡ್ರೋ ವಿಲ್ಸನ್ ಬರುವವರೆಗೆ ಅದೇ ರೂಢಿ ನಡೆಯಿತು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ ನಡೆದ ದಿನ ರೊನಾಲ್ಡ್ ರೇಗನ್ ತಮ್ಮ ಭಾಷಣವನ್ನು ಒಂದು ವಾರ ಮುಂದೂಡಿದರು. 2019ರಲ್ಲಿ ಸರ್ಕಾರದ ಕೆಲಸಗಳು ಸ್ಥಗಿತಗೊಂಡಿದ್ದಾಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಪಟ್ಟು ಹಿಡಿದದ್ದರಿಂದ ಟ್ರಂಪ್ ಅವರ ಭಾಷಣವೂ ಒಂದು ವಾರ ತಡವಾಯಿತು. ಮರುವರ್ಷದ ಭಾಷಣಕ್ಕೆ ಆಹ್ವಾನ ಕಳಿಸಿದವರೂ ಅದೇ ಪೆಲೋಸಿ. 2019ರ ಡಿಸೆಂಬರ್ 20ರಂದು ಅವರು ಪತ್ರ ಬರೆದಾಗ ವಿಚಾರಣೆಯ ವೇಳಾಪಟ್ಟಿ ನಿಗದಿಯಾಗಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ನಿಗದಿಯಾದ ಮೇಲಾದರೂ ದಿನಾಂಕವನ್ನು ಮುಂದಕ್ಕೆ ಹಾಕಬಹುದಿತ್ತು. ಭಾಷಣ ಮುಗಿಯುತ್ತಲೇ ಪೆಲೋಸಿ ಅದರ ಪ್ರತಿಯನ್ನು ಎಲ್ಲರೆದುರು ಹರಿದದ್ದಕ್ಕಿಂತ ಅದು ಎಷ್ಟೋ ಗೌರವದ ದಾರಿಯಾಗಿತ್ತು.

ಆಡಳಿತದ ಕೆಲಸ ನಿಲ್ಲಬಾರದು, ಅಪರಾಧ ಸಾಬೀತಾಗದ ಅಧ್ಯಕ್ಷರ ಬಾಯಿ ಕಟ್ಟಬಾರದು ಎಂಬ ವಾದಕ್ಕೆ ತೂಕವಿದೆ. ಬಜೆಟ್, ಯುದ್ಧ, ವಿಪತ್ತುಗಳ ವಿಷಯದಲ್ಲಿ ಅವರು ಶ್ವೇತಭವನದಿಂದಲೇ ಜನರೊಡನೆ ಮಾತನಾಡಲಿ, ಕಾಂಗ್ರೆಸ್‌ಗೆ ಬರಹ ಕಳಿಸಲಿ. ವಿಚಾರಣೆ ಬಾಕಿಯಿದ್ದರೆ ದಿನಾಂಕ ತಾನಾಗಿ ಮುಂದಕ್ಕೆ ಹೋಗುತ್ತದೆ ಎಂಬ ಒಂದು ಸಾಲನ್ನು ಸ್ಪೀಕರ್ ತಮ್ಮ ಆಹ್ವಾನ ಪತ್ರದಲ್ಲೇ ಸೇರಿಸಿದರೆ ಸಾಕು. 1999ರಲ್ಲಿ ಖುಲಾಸೆಯಾದದ್ದು ಫೆಬ್ರುವರಿ 12ರಂದು. ಕಾಯಬೇಕಿದ್ದದ್ದು 24 ದಿನ. 2020ರಲ್ಲಿ ಒಂದೇ ಒಂದು ದಿನ.

ಇಂತಿ,
ನಿಮ್ಮ ಪತ್ರಿಕೆಯ ಓದುಗ